ಕನ್ನಡ ಕೀಲಿಮಣೆಯಲ್ಲೂ ಶಾರ್ಟ್‌ಕಟ್ ನಡೆಯಲಿ

ಮಾನ್ಯ ಸಂಪಾದಕರೇ,

ಕಚೇರಿಯ ಟಿಪ್ಪಣಿ, ಅರ್ಜಿ, ವರದಿ ಎಲ್ಲವನ್ನೂ ಈಗ ಬ್ರೌಸರಿನಲ್ಲೇ ಬರೆಯುವುದು ರೂಢಿಯಾಗಿದೆ. ಕನ್ನಡದಲ್ಲಿ ಟೈಪಿಸುತ್ತಾ, ಬರೆದದ್ದನ್ನು ಉಳಿಸುವ ಶಾರ್ಟ್‌ಕಟ್ ಆದ ‘ಕಂಟ್ರೋಲ್–ಎಸ್’ ಒತ್ತಿದರೆ ಕೆಲವು ಜಾಲತಾಣಗಳಲ್ಲಿ ಬರಹ ಸೇವ್ ಆಗುವುದೇ ಇಲ್ಲ. ಬದಲಿಗೆ, ವೆಬ್ ಪುಟವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬ್ರೌಸರಿನ ಕಿಟಕಿ ತೆರೆದುಕೊಳ್ಳುತ್ತದೆ. ಅಲ್ಲಿ ‘ಸೇವ್’ ಒತ್ತಿದವರು ಬರೆದದ್ದು ಉಳಿಯಿತೆಂದೇ ನಂಬುತ್ತಾರೆ. ಇದು ಬಳಸುವವರ ತಪ್ಪಲ್ಲ, ಪ್ರೋಗ್ರಾಮಿನ ದೋಷ.

ಒಂದು ಕೀಲಿ ಒತ್ತಿದಾಗ ಬ್ರೌಸರ್ ಎರಡು ಮಾಹಿತಿ ಕೊಡುತ್ತದೆ. ‘ಕೀ’ ಎಂಬುದು ಮೂಡಬೇಕಾದ ಅಕ್ಷರ; ‘ಕೋಡ್’ ಎಂಬುದು ಮಣೆಯ ಮೇಲೆ ಆ ಕೀಲಿ ಇರುವ ಜಾಗ. ಇನ್‌ಸ್ಕ್ರಿಪ್ಟ್, ಕಗಪ ಎಂಬುವು ಕನ್ನಡ ಅಕ್ಷರಗಳನ್ನು ಕೀಲಿಗಳಿಗೆ ಹಂಚಿರುವ ವಿನ್ಯಾಸಗಳು. ಎಸ್ ಕೀಲಿಗೆ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಏತ್ವದ ದೀರ್ಘ ಚಿಹ್ನೆ, ಕಗಪ ವಿನ್ಯಾಸದಲ್ಲಿ ‘ಸ’. ಪ್ರೋಗ್ರಾಮು ಇಂಗ್ಲಿಷ್ ‘ಎಸ್’ ಅಕ್ಷರಕ್ಕಾಗಿಯೇ ಕಾದು ಕುಳಿತಿದ್ದರೆ ಇವೆರಡೂ ಅದಕ್ಕೆ ಹೊಂದುವುದಿಲ್ಲ. ಕೀಲಿಯನ್ನು ಸಂಖ್ಯೆಯಾಗಿ ತಿಳಿಸುವ, ಹಿಂದೆ ಬಳಸುತ್ತಿದ್ದ ‘ಕೀಕೋಡ್’ ವಿಂಡೋಸ್‌ನಲ್ಲಿ ಕನ್ನಡ ವಿನ್ಯಾಸವಿದ್ದಾಗಲೂ ಎಸ್‌ಗೆ 83 ಎಂದೇ ಹೇಳುತ್ತಿತ್ತು. ಅದನ್ನು ಕೈಬಿಟ್ಟು ‘ಕೀ’ಯೊಂದನ್ನೇ ನೆಚ್ಚಿದಾಗ, ಚೆನ್ನಾಗಿ ನಡೆಯುತ್ತಿದ್ದ ತಾಣಗಳೂ ಕೆಡುತ್ತವೆ.

ಹಾಗೆಂದು ‘ಕೋಡ್’ ಒಂದನ್ನೇ ಹಿಡಿದರೆ ಬೇರೆಯವರಿಗೆ ತೊಂದರೆ. ಜರ್ಮನ್ ಮಣೆಯಲ್ಲಿ ವೈ ಮತ್ತು ಜೆಡ್ ಅದಲುಬದಲಾಗಿವೆ. ಅಲ್ಲಿ ಅನ್‌ಡೂ (ಕಂಟ್ರೋಲ್–ಜೆಡ್) ಮಾಡಲು ಹೋದವರಿಗೆ ರೀಡೂ (ಕಂಟ್ರೋಲ್–ವೈ) ಆಗಿಬಿಡುತ್ತದೆ. ಸರಿಯಾದ ಕ್ರಮ ಹೀಗಿದೆ: ಮೊದಲು ‘ಕೀ’ಯನ್ನು ನೋಡಬೇಕು. ಅದು ಇಂಗ್ಲಿಷ್ ಅಕ್ಷರವಾಗಿದ್ದರೆ ಅದನ್ನೇ ಬಳಸಬೇಕು. ಕ್ಯಾಪ್ಸ್ ಲಾಕ್ ಆನ್ ಆಗಿರಬಹುದಾದ್ದರಿಂದ ಸಣ್ಣಕ್ಷರಕ್ಕೆ ಇಳಿಸಿಯೇ ಹೋಲಿಸಬೇಕು. ಇಂಗ್ಲಿಷ್ ಅಲ್ಲದಿದ್ದರೆ ಮಾತ್ರ ‘ಕೋಡ್’ಗೆ ಹೋಗಬೇಕು. ಅಂಕಿಗಳಿಗೂ ಇದೇ ಕ್ರಮ, ಏಕೆಂದರೆ ವಿಂಡೋಸ್‌ನಂಥ ಇನ್ನೊಂದು ಕಾರ್ಯವ್ಯವಸ್ಥೆಯಾದ ಲಿನಕ್ಸ್‌ನ ಇನ್‌ಸ್ಕ್ರಿಪ್ಟ್‌ನಲ್ಲಿ 0 ಒತ್ತಿದರೆ ಬರುವುದು ‘೦’. ನಮ್ಮಲ್ಲಿ ಮಾರುವ ಮಣೆಗಳ ಮೇಲೆ ಅಚ್ಚಾಗಿರುವುದು ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳೇ, ಆದ್ದರಿಂದ ಜಾಗ ನೋಡಿ ಗುರುತಿಸಿದರೆ ಬಳಸುವವರ ಬೆರಳಿಗೂ ಅದೇ ಹೊಂದುತ್ತದೆ. ಒಟ್ಟು ಹತ್ತು ಸಾಲಿನ ಕೆಲಸ.

ಕಂಟ್ರೋಲ್ ಇಲ್ಲದ ಒಂಟಿ ಕೀಲಿಯ ಶಾರ್ಟ್‌ಕಟ್‌ಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ಹುಡುಕಾಟಕ್ಕೆ ಓರೆಗೆರೆಯ (/) ಕೀಲಿ ಇಟ್ಟಿರುವ ತಾಣಗಳಿವೆ. ಇನ್‌ಸ್ಕ್ರಿಪ್ಟ್‌ನಲ್ಲಿ ಆ ಜಾಗದಲ್ಲಿರುವುದು ‘ಯ’. ಬರೆಯುವ ಪೆಟ್ಟಿಗೆಯೊಳಗೆ ಇಂಥ ಶಾರ್ಟ್‌ಕಟ್ ಎದ್ದರೆ ‘ಯ’ ಟೈಪಿಸುವುದೇ ಅಸಾಧ್ಯವಾದೀತು. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದ್ದನ್ನು ಕನ್ನಡಕ್ಕೆ ತಿರುಗಿಸುವ ಲಿಪ್ಯಂತರ ಸಾಧನ ಪದವನ್ನು ಇನ್ನೂ ಕಟ್ಟುತ್ತಿರುವಾಗಲೂ ಶಾರ್ಟ್‌ಕಟ್‌ಗಳು ಸುಮ್ಮನಿರಬೇಕು.

ಕಂಪ್ಯೂಟರ್ ಮಟ್ಟದಲ್ಲೂ ಒಂದು ಉಪಾಯವಿದೆ. ಲಿನಕ್ಸ್‌ನಲ್ಲಿ ಕನ್ನಡವೊಂದನ್ನೇ ಇಟ್ಟುಕೊಳ್ಳದೆ, ವಿನ್ಯಾಸಗಳ ಪಟ್ಟಿಯಲ್ಲಿ ಅಮೆರಿಕನ್ ಇಂಗ್ಲಿಷನ್ನೂ ಉಳಿಸಿಕೊಳ್ಳಬೇಕು. ಕನ್ನಡ ಅಕ್ಷರಕ್ಕೆ ಶಾರ್ಟ್‌ಕಟ್ ಸಿಗದಾಗ ಅನೇಕ ತಂತ್ರಾಂಶಗಳು ಆ ಎರಡನೆಯ ವಿನ್ಯಾಸವನ್ನು ನೋಡಿ ಗುರುತಿಸುತ್ತವೆ.

ಪರೀಕ್ಷೆಯೂ ಸುಲಭ. ವಿಂಡೋಸ್‌ನಲ್ಲಿ ಕನ್ನಡ ಭಾಷೆ ಸೇರಿಸಿ, ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿ ಕನ್ನಡಕ್ಕೆ ಬದಲಿಸಿ, ಸಹಾಯ ಪುಟದಲ್ಲಿರುವ ಪ್ರತಿಯೊಂದು ಶಾರ್ಟ್‌ಕಟ್ ಒತ್ತಿ ನೋಡಿದರೆ ಸಾಕು. ಸರ್ಕಾರಿ ಕಚೇರಿಗಳಿಗೆ ತಂತ್ರಾಂಶ ಕೊಳ್ಳುವಾಗ ಟೆಂಡರಿನ ಸ್ವೀಕಾರ ಪರೀಕ್ಷೆಯಲ್ಲಿ ಇನ್‌ಸ್ಕ್ರಿಪ್ಟ್ ಮತ್ತು ಕಗಪ ಎರಡರಲ್ಲೂ ಈ ತಪಾಸಣೆಯನ್ನು ಕಡ್ಡಾಯಗೊಳಿಸಬೇಕು. ಇದರಲ್ಲಿ ಸೋತ ತಂತ್ರಾಂಶ ತಿದ್ದುಪಡಿಯಾಗುವವರೆಗೆ ಹಣ ಪಾವತಿಸಬಾರದು ಎಂದು ಇ–ಆಡಳಿತದ ಹೊಣೆ ಹೊತ್ತವರನ್ನು ಒತ್ತಾಯಿಸುತ್ತೇವೆ.

– ಕನ್ನಡ ತಂತ್ರಾಂಶ ಪರೀಕ್ಷಿಸುವ ಕೆಲವರು, ಮೈಸೂರು