ನಿಮ್ಮ ಪಾತ್ರೆಗಳು ನಮ್ಮನೇಲೇ ಇವೆ

ಅಪ್ಪಯ್ಯನ ಹನ್ನೊಂದನೇ ದಿನದ ಕಾರ್ಯ ಮೊನ್ನೆ ಮುಗಿಯಿತು. ನೆಂಟರೆಲ್ಲ ಹೊರಟರು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಈಗ ಅಮ್ಮ, ನಾನು, ತಮ್ಮ, ಬಿಡದೆ ಸುರಿಯುವ ಮಳೆ, ಮತ್ತೆ ಅಡುಗೆಮನೆ ಕಟ್ಟೆ ಮೇಲೆ ಸಾಲಾಗಿ ಕೂತಿರುವ 23 ಪಾತ್ರೆಗಳು. ಅದರಲ್ಲಿ ಒಂದೂ ನಮ್ಮದಲ್ಲ. ಒಲೆ ಹಚ್ಚದ ದಿನಗಳಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಗಂಜಿ, ಸಾರು, ಕಾಫಿ ತುಂಬಿಸಿ ತಂದಿದ್ದಿರಿ. ಯಾರದ್ದು ಯಾವುದು ಅಂತ ಅಮ್ಮನಿಗೂ ಗೊತ್ತಾಗುತ್ತಿಲ್ಲ. ಹೆಸರು ಕೊರೆಸಿರುವುದು ಆರು ಮಾತ್ರ.

ಥ್ಯಾಂಕ್ಸ್ ಅಂತ ಬರೆಯೋಣ ಅಂತ ಕೂತೆ. ಆದರೆ ಅಪ್ಪಯ್ಯನ ಬಾಯಲ್ಲಿ ಆ ಮಾತನ್ನು ನಾನು ಒಂದು ದಿನವೂ ಕೇಳಿಲ್ಲ. ಯಾರಾದರೂ ಉಪಕಾರ ಮಾಡಿದರೆ ಸುಮ್ನೆ ತಲೆಯಾಡಿಸುತ್ತಿದ್ದ. ನಾಲ್ಕು ದಿನ ಬಿಟ್ಟು ಅವರ ಮನೆ ಜಗುಲಿ ಮೇಲೆ ಒಂದಿಷ್ಟು ಕಳಲೆಯೋ, ಬಾಳೆಎಲೆಯಲ್ಲಿ ಸುತ್ತಿದ ಮೀನೋ ಇರುತ್ತಿತ್ತು. ಕರೆದು ಕೈಗೆ ಕೊಡುವ ಅಭ್ಯಾಸವೂ ಇರಲಿಲ್ಲ. ಇಟ್ಟು ಹೋಗುತ್ತಿದ್ದ, ಅಷ್ಟೇ.

ಆ ರಾತ್ರಿ ಎದೆನೋವು ಬಂದಾಗ ಕರೆಂಟ್ ಇರಲಿಲ್ಲ, ನೆಟ್‌ವರ್ಕ್ ಇರಲಿಲ್ಲ, ರಸ್ತೆಗೆ ಅಡ್ಡ ಮರ ಬಿದ್ದಿತ್ತು. ಟಾರ್ಚ್ ಹಿಡಿದು, ಮರ ಕೊಯ್ಯೋ ಮಿಷನ್ ಹೊತ್ತು ಬಂದ ಹುಡುಗರೇ, ನಿಮ್ಮಲ್ಲಿ ಅರ್ಧ ಜನರನ್ನ ಅಪ್ಪಯ್ಯನೇ ಸಣ್ಣವರಿದ್ದಾಗ ಕೊಡಚಾದ್ರಿ ಹತ್ತಿಸಿದ್ದು, ಅಲ್ವಾ? 1,343 ಮೀಟರ್ ಅಂತ ಬೋರ್ಡಿನಲ್ಲಿ ಇರಬಹುದು, ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಎಣಿಸಿದರೆ ಜಾಸ್ತಿ ಆಗುತ್ತೆ ಅನ್ನುತ್ತಿದ್ದ. ಹಿಡ್ಲುಮನೆ ಫಾಲ್ಸ್ ಕಡೆಯಿಂದಲೇ ಹತ್ತಬೇಕು. ಜೀಪಲ್ಲಿ ಹೋದವರನ್ನ ಹೋದವರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಆ ಮನುಷ್ಯನನ್ನ ನೀವು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಜೀಪಿಗೆ ಹಾಕಿದಿರಿ. ಅವನಿಗೆ ಅದು ಸಿಟ್ಟು. 'ನಡೀತೀನಿ ಬಿಡ್ರೋ' ಅಂತ ಬೈದಿದ್ದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಶಿವಮೊಗ್ಗದ ಆಸ್ಪತ್ರೆಯ ಆ ಸಿಸ್ಟರ್‌ಗೂ ಹೇಳಬೇಕು. ಸರಿರಾತ್ರಿಯಲ್ಲಿ ಅವನ ಹತ್ತುಮೀನಿನ ಕಥೆ ಪೂರ್ತಿ ಕೇಳಿದ್ದೀರಂತೆ. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತಿ ಬರುವುದು, ಅದಕ್ಕೆ ಕೂಣಿ, ಅಂದರೆ ಮೀನು ಹಿಡಿಯಲು ಹೆಣೆದ ಬುಟ್ಟಿ, ಒಡ್ಡುವುದು, ಎಲ್ಲ. ಕೊನೆಯ ಭಾಗ ಹೇಳಿದನೋ ಇಲ್ಲವೋ ಗೊತ್ತಿಲ್ಲ. ಈಚಿನ ವರ್ಷಗಳಲ್ಲಿ ಕೂಣಿಗೆ ಬಿದ್ದ ಮೊಟ್ಟೆ ಮೀನನ್ನೆಲ್ಲ ಗದ್ದೆಗೇ ಬಿಟ್ಟು ಬರುತ್ತಿದ್ದ. 'ಬಾಣಂತನಕ್ಕೆ ಬಂದೋರನ್ನ ಹಿಡಿದು ಸಾರು ಮಾಡ್ತೀವಲ್ಲ' ಅಂತ ಅಮ್ಮ ಒಂದು ಸಲ ಅಂದಿದ್ದು ತಲೆಯಲ್ಲೇ ಉಳಿದಿತ್ತು ಅಂತ ಕಾಣುತ್ತೆ.

ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅಂದರು. ಅದರ ಅರ್ಥ ಅವನಿಗೆ ನಮಗಿಂತ ಮೊದಲೇ ಆಗಿತ್ತು. ದಾರಿಯಲ್ಲಿ ಕೇಳಿದ್ದು ಒಂದೇ, ಮಳೆಗಾಲಕ್ಕೆ ಹಕ್ಕಿಗಳು ಬರುವ ಮಂಡಗದ್ದೆಯಲ್ಲಿ ಕಾರು ನಿಲ್ಲಿಸು ಅಂತ. ತುಂಗೆ ಕೆಂಪಾಗಿ ಉಕ್ಕುತ್ತಿದ್ದಳು. ನಡುಗಡ್ಡೆಯ ಮರಗಳು ಸೊಂಟದ ಮಟ್ಟ ಮುಳುಗಿದ್ದವು. ಮೇಲಿನ ಕೊಂಬೆ ತುಂಬ ಬೆಳ್ಳಕ್ಕಿ, ನೀರುಕಾಗೆ. ಗ್ಲಾಸ್ ಇಳಿಸಿಕೊಂಡು ಮಳೆ ಮುಖಕ್ಕೆ ಹೊಡೆಯುತ್ತಿದ್ದರೂ ನೋಡಿದ. 'ಬಂದಿದಾವೆ' ಅಂದ. ಡ್ರೈವರಣ್ಣ, ನೀವು ಇಂಜಿನ್ ಆಫ್ ಮಾಡಿ ಕಾದಿದ್ದಿರಿ. ವೇಟಿಂಗ್ ದುಡ್ಡು ಎಷ್ಟಾಯಿತು ಅಂದರೆ ಕೈ ಅಲ್ಲಾಡಿಸಿ ಹೊರಟೇಹೋದಿರಿ.

ಮನೆಗೆ ಬಂದು ಒಂಬತ್ತು ದಿನ ಇದ್ದ. ಮೊಮ್ಮಗನಿಗೆ ಕೂಣಿ ಹೆಣೆಯುವುದನ್ನ ಹೇಳಿಕೊಡಲು ಶುರು ಮಾಡಿದ್ದ. ಬಾಯಿ ಕಟ್ಟುವುದು ಬಾಕಿ ಇತ್ತು. ಅದನ್ನ ಕಲಿಸುತ್ತೇನೆ ಅಂತ ಆಚೆಮನೆ ಚಿಕ್ಕಪ್ಪ ನಿನ್ನೆ ಸಂಜೆ ಬಂದು ಹುಡುಗನ ಪಕ್ಕ ಕೂತಿದ್ದರು. ಚಿಕ್ಕಪ್ಪನಿಗೂ ಸರಿಯಾಗಿ ಬರುವುದಿಲ್ಲ, ಅದು ಬೇರೆ ವಿಷಯ.

ಇನ್ನೊಂದು ಹೇಳದೆ ಇರಲಾರೆ. ಆಷಾಢದ ಮಳೆಯಲ್ಲಿ ಸುಡುವುದು ಹೇಗೆ ಅಂತ ನಾವು ಕಂಗಾಲಾಗಿದ್ದಾಗ ನಾಲ್ಕು ಮನೆಯವರು ನಿಮ್ಮ ನಿಮ್ಮ ಬಚ್ಚಲೊಲೆಗೆ ಅಂತ ಬೇಸಿಗೆಯಲ್ಲಿ ಕೂಡಿಟ್ಟ ಒಣಕಟ್ಟಿಗೆ ತಂದು ಹಾಕಿದಿರಿ. ಚಿತೆಗೆ ನೀರು ಬೀಳದ ಹಾಗೆ ಹಟ್ಟಿಯ ತಗಡು ಬಿಚ್ಚಿ ತಂದು, ಸುತ್ತ ನಿಂತು ಹಿಡಿದಿರಿ. ಮಳೆಗಾಲದ ನಡುವೆ ಒಣಕಟ್ಟಿಗೆ ಕೊಡುವುದು ಅಂದರೆ ಏನು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಮನೆಯ ಮಕ್ಕಳು ಈ ತಿಂಗಳು ತಣ್ಣೀರಲ್ಲಿ ಮಿಂದರೆ ಅದಕ್ಕೆ ನಾವೇ ಕಾರಣ.

ಪಾತ್ರೆ ತಗೊಂಡು ಹೋಗಲು ಬನ್ನಿ. ಖಾಲಿ ಪಾತ್ರೆ ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ. ಯುಗಾದಿ ಹೊತ್ತಿಗೆ ಅಪ್ಪಯ್ಯ ಹೊಳೆದಂಡೆ ಮರ ಹತ್ತಿ, ತೊಟ್ಟು ಮುರಿಯದ ಹಾಗೆ ಬುಟ್ಟಿಯಲ್ಲಿ ಇಳಿಸಿದ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ ಎರಡು ಭರಣಿ ಇದೆ. ಅಮ್ಮ ಇವತ್ತು ಬೆಳಿಗ್ಗೆ ಬಾಯಿ ಬಟ್ಟೆ ಬಿಚ್ಚಿದರು. 23 ಪಾತ್ರೆಗೂ ಸಾಲುತ್ತದೆ, ಲೆಕ್ಕ ಹಾಕಿದ್ದೇವೆ.