ಗ್ಯಾಸ್ ಮಾತ್ರೆಯಲ್ಲಿರುವ ‘ಡಿ’ ಯಾವುದು?

ಮಾನ್ಯರೇ,

ಬೀಗರ ಊಟ ಮುಗಿಸಿ ಬಂದವರು ಮೆಡಿಕಲ್ ಶಾಪಿನಲ್ಲಿ ‘ಗ್ಯಾಸ್ ಮಾತ್ರೆ ಕೊಡಿ’ ಅಂದರೆ ಸಾಕು, ಚೀಟಿ ಕೇಳದೆ ಕೊಟ್ಟುಬಿಡುತ್ತಾರೆ. ಬಹಳ ಸಲ ಅದು ಹೆಸರಿನ ಕೊನೆಗೆ ‘ಡಿ’ ಇರುವ ಕ್ಯಾಪ್ಸೂಲ್. ಅದರೊಳಗೆ ಎರಡು ಔಷಧಿ ಇರುತ್ತವೆ ಅನ್ನುವುದು ನುಂಗುವ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ಒಂದು, ಪ್ಯಾಂಟೊಪ್ರಜೋಲ್ ಅಥವಾ ಅದರ ಜಾತಿಯದು. ಹೊಟ್ಟೆಯಲ್ಲಿ ಆಸಿಡ್ ಹುಟ್ಟುವುದನ್ನು ತಗ್ಗಿಸುತ್ತದೆ. ಎದೆಯುರಿಗೆ, ಹುಣ್ಣಿಗೆ ಒಳ್ಳೆಯ ಮದ್ದು. ಉಂಡು ಉರಿ ಶುರುವಾದ ಮೇಲೆ ನುಂಗಿದರೆ ತಕ್ಷಣಕ್ಕೆ ಅಷ್ಟೇನೂ ಪ್ರಯೋಜನವಿಲ್ಲ. ವರ್ಷಗಟ್ಟಲೆ ತಗೊಂಡರೆ ಬಿ12, ಮೆಗ್ನೀಸಿಯಂ ಕಡಿಮೆಯಾಗಬಹುದು.

ನನ್ನ ತಕರಾರು ಇರುವುದು ಎರಡನೆಯದರ ಮೇಲೆ. ‘ಡಿ’ ಅಂದರೆ ಡೊಂಪೆರಿಡೋನ್, ವಾಂತಿ, ವಾಕರಿಕೆಯ ಔಷಧಿ. ಹೃದಯದ ಬಡಿತ ಏರುಪೇರಾಗುವ ಅಪಾಯ ನೋಡಿ ಯುರೋಪಿನ ಔಷಧ ನಿಯಂತ್ರಕರು 2014ರಲ್ಲೇ ಇದಕ್ಕೆ ಕಡಿವಾಣ ಹಾಕಿದರು. ದೊಡ್ಡವರಿಗೆ ದಿನಕ್ಕೆ 30 ಮಿಲಿಗ್ರಾಂ ಮೀರಬಾರದು, ಸಾಮಾನ್ಯವಾಗಿ ಒಂದು ವಾರ ದಾಟಬಾರದು, ಎದೆಯುರಿಗೂ ಹೊಟ್ಟೆಯುಬ್ಬರಕ್ಕೂ ಬೇಡವೇ ಬೇಡ ಅಂದರು. ನಮ್ಮಲ್ಲಿ? ಎಷ್ಟೋ ಬ್ರ್ಯಾಂಡುಗಳಲ್ಲಿ ಆ 30 ಮಿಲಿಗ್ರಾಂ ಒಂದೇ ಕ್ಯಾಪ್ಸೂಲಿನಲ್ಲಿರುತ್ತದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ತಿಂಗಳುಗಟ್ಟಲೆ ನುಂಗುವವರೂ ಇದ್ದಾರೆ. 60 ದಾಟಿದವರಿಗೆ ಅಪಾಯ ಜಾಸ್ತಿ. ಕ್ಲಾರಿಥ್ರೊಮೈಸಿನ್‌ನಂಥ ಆಂಟಿಬಯಾಟಿಕ್ ಜೊತೆಗಂತೂ ಇದನ್ನು ತಗೊಳ್ಳಲೇಬಾರದು. ಇಂಥದ್ದನ್ನು ‘ಸುಮ್ನೆ ಒಂದು ಗ್ಯಾಸ್ ಮಾತ್ರೆ’ ಅನ್ನಬಹುದಾ?

ಹಾಗಂತ ಇದನ್ನು ಓದಿ ಯಾರೂ ಆಸಿಡ್ ಮಾತ್ರೆಯನ್ನು ದಿಢೀರ್ ಬಿಡಬೇಡಿ. ಬಹಳ ದಿನ ತಗೊಂಡು ಒಮ್ಮೆಲೇ ನಿಲ್ಲಿಸಿದರೆ ಆಸಿಡ್ ಕೆಲವು ವಾರ ಮೊದಲಿಗಿಂತ ಹೆಚ್ಚೇ ಬರಬಹುದು. ಕಾಯಿಲೆ ಮರುಕಳಿಸಿತು ಅಂದುಕೊಂಡು ಜನ ಮತ್ತೆ ಅದಕ್ಕೇ ಜೋತುಬೀಳುತ್ತಾರೆ. ಹೃದಯಕ್ಕೆ ಆಸ್ಪಿರಿನ್ ತಗೊಳ್ಳುವ ಕೆಲವರಿಗೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗದಿರಲಿ ಅಂತ ವೈದ್ಯರೇ ಇದನ್ನು ಕೊಟ್ಟಿರುತ್ತಾರೆ. ಬಿಡುವುದಿದ್ದರೂ ಅವರನ್ನೇ ಕೇಳಿ. ಮಲ ಕಪ್ಪಾದರೆ, ನುಂಗಲು ಕಷ್ಟವಾದರೆ ಮಾತ್ರೆ ಹುಡುಕುತ್ತಾ ಕೂರಬೇಡಿ. ಎದೆ ಒತ್ತಿದಂತಾಗಿ ಬೆವರು ಬಂದರೆ ‘ಗ್ಯಾಸ್ ಇರಬೇಕು’ ಅನ್ನದೆ ನೇರ ಆಸ್ಪತ್ರೆಗೆ ಹೋಗಿ.

ಚೀಟಿ ಇಲ್ಲದೆ ಮಾರಬಾರದು ಅಂತ ಈ ಕ್ಯಾಪ್ಸೂಲಿನ ಸ್ಟ್ರಿಪ್ ಮೇಲೆ ಇರುವೆ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ಅದು ಕನ್ನಡದಲ್ಲಿ, ಕಣ್ಣಿಗೆ ಕಾಣುವಷ್ಟು ದಪ್ಪಗೆ ಬರಲಿ. ಔಷಧ ನಿಯಂತ್ರಣ ಇಲಾಖೆ ಅಂಗಡಿಗಳ ಕಡೆ ಒಮ್ಮೆ ಕಣ್ಣು ಹಾಯಿಸಲಿ. ವೈದ್ಯರೂ ಚೀಟಿಯಲ್ಲಿ ಎಷ್ಟು ದಿನ ಅಂತ ಬರೆದೇ ಕೊಡಲಿ.

– ಓದುಗ, ತಿಪಟೂರು