ಮಗಳಿಗೊಂದು ಪತ್ರ: ಬೆಟ್ಟ ಇಳಿಯುವ ದಿನಕ್ಕೆ

ಪ್ರೀತಿಯ ಮಗಳೇ,

ನಾಳಿದ್ದು ತಡಿಯಂಡಮೋಳ್ ಹತ್ತಿ ಇಳಿದರೆ ನಿಮ್ಮ ಚಾರಣ ಮುಗಿಯಿತು. 1748 ಮೀಟರ್, ಕೊಡಗಿನಲ್ಲಿ ಅದಕ್ಕಿಂತ ಎತ್ತರದ ಬೆಟ್ಟವಿಲ್ಲ. ಹತ್ತುವಾಗ ಉಸಿರೇ ನಿನ್ನನ್ನು ನಿಧಾನ ಮಾಡಿಸುತ್ತದೆ, ಅದರ ಚಿಂತೆ ನನಗಿಲ್ಲ. ಇಳಿಯುವಾಗ ತಡೆಯುವವರಿಲ್ಲ. ಕಾಲು ಸೋತಿರುತ್ತದೆ, ಮನಸ್ಸು ಆಗಲೇ ಬಸ್ಸಿನಲ್ಲಿ ಕೂತಿರುತ್ತದೆ. ಜಾರುವುದು, ಉಳುಕುವುದು ಹೆಚ್ಚಾಗಿ ಆಗಲೇ.

ಕಾಲಿನ ಉಗುರನ್ನು ಇವತ್ತೇ ಕತ್ತರಿಸಿಕೋ. ತುದಿಯಲ್ಲಿ ಊಟ ಮುಗಿದ ಮೇಲೆ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟು. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಪಾದವನ್ನು ಹಿಂದಕ್ಕೆ ಕೂರಿಸಿ, ಪಾದ ಮೇಲಕ್ಕೆ ತಿರುಗುವಲ್ಲಿ ದಾರವನ್ನು ಎರಡು ಸುತ್ತು ಹಾಕಿ ಬಿಗಿ. ಸಡಿಲ ಬಿಟ್ಟರೆ ಪ್ರತಿ ಹೆಜ್ಜೆಗೂ ಹೆಬ್ಬೆರಳು ಬೂಟಿನ ಮುಂಭಾಗಕ್ಕೆ ಬಡಿದು, ಉಗುರಿನಡಿ ರಕ್ತ ಕಟ್ಟಿ ಕಪ್ಪಾಗುತ್ತದೆ. ಉದ್ದ ಹೊಂದಿಸುವ ಚಾರಣದ ಕೋಲನ್ನು ಹತ್ತುವಾಗ ಇದ್ದದ್ದಕ್ಕಿಂತ 5ರಿಂದ 10 ಸೆಂಟಿಮೀಟರ್ ಉದ್ದ ಮಾಡಿಕೋ.

ತುದಿಯಿಂದ ಕೆಳಗಿನ ಶೋಲಾ ಕಾಡಿನ, ಅಂದರೆ ಬೆಟ್ಟದ ಮಡಿಲಿನ ದಟ್ಟ ಕಾಡಿನ, ಕಡಿದಾದ ತುಂಡೇ ಎಲ್ಲಕ್ಕಿಂತ ಜೋಪಾನ. ಅಲ್ಲಿ ಬಿಸಿಲು ಬೀಳದು, ಬೇರುಗಳು ಒದ್ದೆಯಾಗಿರುತ್ತವೆ. ಬೇರಿನ ಮೇಲೆ ಕಾಲಿಡಬೇಡ, ದಾಟಿ ಇಡು. ಮಂಡಿ ಸ್ವಲ್ಪ ಮಡಚಿರಲಿ, ಹೆಜ್ಜೆ ಚಿಕ್ಕದಿರಲಿ. ಭಯವಾದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಹಾಗೆ ವಾಲಿದಾಗಲೇ ಹಿಮ್ಮಡಿ ಜಾರುವುದು. ಹುಲ್ಲುಗಾವಲಿಗೆ ಬಂದಮೇಲೆ ದಾರಿ ಸುಲಭ ಅನ್ನಿಸುತ್ತದೆ, ಆದರೆ ಸವೆದ ಮಣ್ಣಿನ ಮೇಲಿನ ಸಣ್ಣ ಕಲ್ಲುಗಳು ಚೆಲ್ಲಿದ ಕಡಲೆಕಾಳಿನಂತೆ ಪಾದದಡಿ ಉರುಳುತ್ತವೆ. ಓಡಿ ಇಳಿಯುವವರನ್ನು ಹೋಗಲು ಬಿಡು.

ಹಿಂದೆ ಬರುವ ಗೈಡ್‌ಗಿಂತ ಹಿಂದೆ ಉಳಿಯಬೇಡ. ಮೂತ್ರಕ್ಕೆ ಹೋಗುವುದಿದ್ದರೂ ಒಬ್ಬರಿಗೆ ಹೇಳಿ, ಬ್ಯಾಗನ್ನು ದಾರಿಯ ಮೇಲೆ ಕಾಣುವಂತೆ ಇಟ್ಟು ಹೋಗು. ಮಂಜು ಇಳಿದರೆ ಹತ್ತು ಮಾರು ದೂರದವರೂ ಕಾಣುವುದಿಲ್ಲ. ಮೂರು ಸಲ ವಿಷಲ್ ಊದಿದರೆ ಸಹಾಯ ಬೇಕು ಎಂದರ್ಥ, ತಮಾಷೆಗೆ ಊದಬೇಡ. ಹೊತ್ತಾಯಿತು, ಇಲ್ಲಿಂದಲೇ ತಿರುಗೋಣ ಎಂದು ಗೈಡ್ ಹೇಳಿದರೆ ತುದಿ ಕಣ್ಣಿಗೆ ಕಂಡರೂ ತಿರುಗು. ನವೆಂಬರಿನಲ್ಲಿ ಕಾಡೊಳಗೆ ಐದೂವರೆಗೇ ಕತ್ತಲು, ಸಂಜೆಯಾದರೆ ಕಾಡಂಚಿನ ತೋಟಗಳಿಗೆ ಆನೆ ಇಳಿಯುತ್ತದೆ. ಎದುರಾದರೆ ಕೂಗದೆ, ಫ್ಲ್ಯಾಶ್ ಹಾಕದೆ, ಎಲ್ಲರೂ ಒಟ್ಟಾಗಿ ಗೈಡ್ ಹೇಳಿದ ಕಡೆಗೆ ಹಿಂದೆ ಸರಿಯಿರಿ. ತೋಟದ ಸೋಲಾರ್ ಬೇಲಿಯನ್ನು ಮುಟ್ಟಬೇಡ. ಅರೇಬಿಕಾ ಹಣ್ಣಾಗುವ ಕಾಲವಿದು, ಗಿಡದಿಂದ ಕಾಫಿ ಹಣ್ಣು ಕೀಳುವುದು ಬೇಡ. ಕಣದಲ್ಲಿ ಹರವಿದ ಕಾಫಿಯ ಮೇಲೆ ಬೂಟಿಟ್ಟು ನಡೆಯುವುದಂತೂ ಬೇಡವೇ ಬೇಡ, ಅದು ಅವರ ಇಡೀ ವರ್ಷದ ಅನ್ನ.

ಇಂಬಳ (ಕಾಡಿನ ಜಿಗಣೆ) ಹತ್ತಿದರೆ ಉಪ್ಪು, ಬೆಂಕಿ ಯಾವುದೂ ಬೇಡ. ಹಾಗೆ ಹಿಂಸಿಸಿದರೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕಬಹುದು. ಚೂಪಾದ ತುದಿಯ ಕಡೆ ಉಗುರನ್ನು ಚರ್ಮಕ್ಕೆ ಒತ್ತಿ ಸರಿಸಿದರೆ ಬಿಟ್ಟುಕೊಳ್ಳುತ್ತದೆ. ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡದು. ಗಂಟೆಗಟ್ಟಲೆ ಜಿನುಗಿದರೂ ಗಾಬರಿಯಾಗದೆ ಸೋಪಿನಲ್ಲಿ ತೊಳೆದು ಬಟ್ಟೆ ಕಟ್ಟು.

ಇಳಿಯುವಾಗ ಬಾಯಾರಿಕೆ ಗೊತ್ತಾಗುವುದಿಲ್ಲ, ಆದ್ದರಿಂದ ಒಂದು ಲೀಟರ್ ನೀರನ್ನು ಇಳಿಯುವುದಕ್ಕೆಂದೇ ಉಳಿಸಿಕೋ. ಓಆರ್‌ಎಸ್ ಇಲ್ಲದಿದ್ದರೆ ಆ ಲೀಟರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಚಹಾ ಚಮಚದ ಅಳತೆಯಲ್ಲಿ.

ಕೊನೆಗೆ ನಾಲ್ಕುನಾಡು ಅರಮನೆಯ ಕಡೆಗಿನ ಜೀಪು ದಾರಿ. ಗಟ್ಟಿ ನೆಲ, ಮಂಡಿಗೆ ಅದೇ ಹೆಚ್ಚು ನೋವು. ಇಳಿಜಾರು ಕಡಿದಾದಲ್ಲಿ ಓರೆಯಾಗಿ ನಡೆ. 1792ರಲ್ಲಿ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ಅರಮನೆ ಅದು, ಹತ್ತು ನಿಮಿಷ ಇದ್ದರೆ ಒಳಗೆ ಹೋಗಿ ಗೋಡೆಯ ಚಿತ್ರಗಳನ್ನು ನೋಡು.

ಬಸ್ಸಿನಲ್ಲಿ ಒದ್ದೆ ಸಾಕ್ಸ್ ಬದಲಿಸು, ನಿಂತಲ್ಲೆಲ್ಲ ಇಳಿದು ನಡೆ. ತೊಡೆಯ ನೋವು ಅವತ್ತಲ್ಲ, ಮರುದಿನ, ಅದರ ಮರುದಿನ ಜೋರು. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ತಡೆದು ಒಳಗೊಳಗೆ ಸೂಕ್ಷ್ಮವಾಗಿ ಹರಿದಿರುತ್ತದೆ. ಮಲಗಿಬಿಡಬೇಡ, ನಿಧಾನ ಓಡಾಡು. ಮಂಡಿ ಊದಿದರೆ ಅಥವಾ ಎರಡು ವಾರದೊಳಗೆ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ, ಕಾಡಿಗೆ ಹೋಗಿದ್ದೆ ಎಂದು ಮೊದಲು ಹೇಳು. ಸ್ನಾನಕ್ಕೆ ಮುಂಚೆ ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಹಿಂದೆ ಉಣ್ಣೆ ಕಚ್ಚಿಕೊಂಡಿದೆಯಾ ನೋಡಿಕೋ. ಬೂಟನ್ನು ಒಲೆಯ ಹತ್ತಿರ ಇಟ್ಟು ಒಣಗಿಸಬೇಡ, ಅಂಟು ಬಿಡುತ್ತದೆ; ಒಳಗೆ ಹಳೇ ಪೇಪರ್ ತುರುಕಿ ನೆರಳಲ್ಲಿಡು.

ಇಂತಿ,
ನಿನ್ನ ಅಮ್ಮ